ಬಾನೆಟ್ ಅಡಿಯ ಭೌತಶಾಸ್ತ್ರ: ಹಳೆಯ ಕಾರಿನ ದೋಷ ಹುಡುಕುವ ಬಗೆ



ಓಮ್‌ನ ನಿಯಮ, ಬ್ಯಾಟರಿಯ ಆಂತರಿಕ ರೋಧ, ವಿದ್ಯುತ್ಕಾಂತೀಯ ಪ್ರೇರಣೆ – ಇವನ್ನೆಲ್ಲ ನೀವು ದ್ವಿತೀಯ ಪಿಯುಸಿಯಲ್ಲಿ ಓದುತ್ತೀರಿ, ಲೆಕ್ಕ ಬಿಡಿಸುತ್ತೀರಿ, ಅಂಕ ಪಡೆಯುತ್ತೀರಿ. ನಾನೂ ಹಾಗೆ ಅಂಕ ಪಡೆದವನೇ. ಆದರೆ ಆ ಪಾಠ ನನಗೆ ನಿಜವಾಗಿ ಅರ್ಥವಾದದ್ದು ತರಗತಿಯಲ್ಲಲ್ಲ, ಒಂದು ಹಳೆಯ ಅಂಬಾಸಿಡರ್ ಕಾರಿನ ಮುಂದೆ.

ಅಬ್ಬಾ ನಮ್ಮ ತಾಲೂಕು ಪಟ್ಟಣದಲ್ಲಿ ಆ ಪೆಟ್ರೋಲ್ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದರು. ಒಂದು ರಾತ್ರಿ ಪಕ್ಕದ ಮನೆಯವರು ಬಂದು ಬಾಗಿಲು ಬಡಿದರು. ಅವರ ಮಗಳಿಗೆ ಹೆರಿಗೆ ನೋವು ಶುರುವಾಗಿತ್ತು. ಅಬ್ಬಾ ಸೆಲ್ಫ್ ಹೊಡೆದರೆ ಇಂಜಿನ್ ಒಮ್ಮೆ ನರಳಿ ನಿಂತುಬಿಟ್ಟಿತು. ಹೆಡ್‌ಲೈಟ್ ಮಾತ್ರ ಚೆನ್ನಾಗಿಯೇ ಉರಿಯುತ್ತಿತ್ತು. ನಾವು ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಿದೆವು. ದೇವರ ದಯೆಯಿಂದ ಸಮಯಕ್ಕೆ ಸರಿಯಾಗಿ ಆಸ್ಪತ್ರೆ ಮುಟ್ಟಿದರು. ಮರುದಿನ ಅಂಗಡಿಯೊಂದರಲ್ಲಿ 'ಬ್ಯಾಟರಿ ಹೋಗಿದೆ' ಎಂದರು. ಅಬ್ಬಾ ಸಾಲ ಮಾಡಿ ಹೊಸ ಬ್ಯಾಟರಿ ಹಾಕಿಸಿದರು. ಹತ್ತು ದಿನ ಕಳೆಯುವಷ್ಟರಲ್ಲಿ ಮತ್ತೆ ಅದೇ ನರಳಾಟ.

ಕೊನೆಗೆ ಒಬ್ಬ ಹಿರಿಯ ಉಸ್ತಾದರ ಗ್ಯಾರೇಜಿಗೆ ಹೋದೆವು. ಅವರು ಸ್ಪ್ಯಾನರ್ ಮುಟ್ಟಲಿಲ್ಲ, ಮೊದಲು ಪ್ರಶ್ನೆ ಕೇಳಿದರು. "ಲೈಟ್ ಮಂದ ಆಗುತ್ತದಾ? ಬೆಳಿಗ್ಗೆ ಜಾಸ್ತಿಯಾ, ಬಿಸಿಯಾದ ಮೇಲೆ ಜಾಸ್ತಿಯಾ?" ಆಮೇಲೆ ಅಬ್ಬಾನಿಗೆ ಸೆಲ್ಫ್ ಹೊಡೆಯಲು ಹೇಳಿ, ಕಾರ್ಬ್ಯುರೇಟರಿಗೆ ಹೋಗುವ ಚೋಕ್ ಕೇಬಲ್ಲನ್ನು ಬೆರಳಿನಿಂದ ಮುಟ್ಟಿ ಥಟ್ಟನೆ ಕೈ ತೆಗೆದರು. "ನೋಡಿ ಭಾಯ್, ಇದು ಕಾದಿದೆ. ಕರೆಂಟಿಗೆ ಅದರ ದಾರಿ ಸಿಗುತ್ತಿಲ್ಲ, ಇಲ್ಲಿಂದ ನುಸುಳುತ್ತಿದೆ" ಎಂದರು. ಒಂದು ದಪ್ಪ ಕೇಬಲ್ ತಂದು, ಬ್ಯಾಟರಿಯ ಅರ್ಥ್ ತುದಿಯಿಂದ ನೇರವಾಗಿ ಇಂಜಿನ್ನಿಗೆ ಹಿಡಿದರು. ಇಂಜಿನ್ ಗರ್ರನೆ ತಿರುಗಿತು.

ದೋಷ ಇದ್ದದ್ದು ಇಂಜಿನ್ನನ್ನು ಬಾಡಿಗೆ ಜೋಡಿಸುವ ಅರ್ಥ್ ಪಟ್ಟಿಯಲ್ಲಿ. ವರ್ಷಗಟ್ಟಲೆ ಮಳೆ, ಕೆಸರು ತಿಂದು ಅದರ ಬೋಲ್ಟಿನ ಸುತ್ತ ತುಕ್ಕು ಕಟ್ಟಿತ್ತು. ಎಮರಿ ಪೇಪರಿನಿಂದ ಉಜ್ಜಿ, ಹೊಸ ಬೋಲ್ಟ್ ಹಾಕಿ ಬಿಗಿ ಮಾಡಿದರು. ಅಷ್ಟೇ ರಿಪೇರಿ. ಬ್ಯಾಟರಿಯ ಸಾಲ ಮಾತ್ರ ಅಬ್ಬಾ ಆರು ತಿಂಗಳು ತೀರಿಸಿದರು. ಆ ಉಸ್ತಾದ್ ನಾಲ್ಕನೇ ತರಗತಿಗೆ ಶಾಲೆ ಬಿಟ್ಟವರು. ನಾನಾಗ ಓಮ್‌ನ ನಿಯಮದ ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದಿದ್ದೆ.

ಅವರು ಮಾಡಿದ್ದು ಏನು ಎಂಬುದನ್ನು ಈಗ ಪಾಠವಾಗಿ ನೋಡೋಣ.

1. ಲೈಟ್ ಉರಿಯುತ್ತದೆ, ಸೆಲ್ಫ್ ತಿರುಗುವುದಿಲ್ಲ. ಏಕೆ?

ಕಾರಿನಲ್ಲಿ ಬ್ಯಾಟರಿಯ ಒಂದು ತುದಿ ಬಾಡಿಗೆ ಜೋಡಣೆಯಾಗಿರುತ್ತದೆ. ಹೆಡ್‌ಲೈಟಿನ ಪ್ರವಾಹ ಬಾಡಿಯ ಮೂಲಕವೇ ಹಿಂದಿರುಗುತ್ತದೆ. ಸೆಲ್ಫ್ ಮೋಟಾರ್ ಇರುವುದು ಇಂಜಿನ್ನಿನ ಮೇಲೆ. ಇಂಜಿನ್ ಕುಳಿತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರ್ ವಿದ್ಯುತ್ ನಿರೋಧಕ. ಹಾಗಾಗಿ ಸೆಲ್ಫಿನ ಪ್ರವಾಹ ಬಾಡಿಗೆ ಮರಳಲು ಆ ಒಂದು ಪಟ್ಟಿಯೇ ರಾಜಮಾರ್ಗ. ಅದು ಕೆಟ್ಟರೆ ಪ್ರವಾಹ ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಮುಂತಾದ ಕಾಲುದಾರಿ ಹಿಡಿಯುತ್ತದೆ. ತೆಳು ತಂತಿಯಲ್ಲಿ ದೊಡ್ಡ ಪ್ರವಾಹ ಹರಿದರೆ ಅದು ಕಾಯುತ್ತದೆ.

ಈಗ ಲೆಕ್ಕ. ಬ್ಯಾಟರಿಯ ವಿದ್ಯುತ್ಚಾಲಕ ಬಲ 12.6 ವೋಲ್ಟ್, ಆಂತರಿಕ ರೋಧ 0.01 ಓಮ್ ಇರಲಿ. ಸುಲಭಕ್ಕಾಗಿ ಸೆಲ್ಫ್ ಮೋಟಾರನ್ನು 0.06 ಓಮ್ ರೋಧ ಎಂದಿಟ್ಟುಕೊಳ್ಳಿ. ಎಲ್ಲ ಸರಿ ಇದ್ದಾಗ ಪ್ರವಾಹ 12.6 ÷ 0.07 = 180 ಆಂಪಿಯರ್. ಮೋಟಾರಿಗೆ ಸಿಗುವುದು 10.8 ವೋಲ್ಟ್. ತುಕ್ಕು ಹಿಡಿದ ಜೋಡಣೆಯಲ್ಲಿ ಕೇವಲ 0.04 ಓಮ್ ಸೇರಿಕೊಂಡರೆ ಪ್ರವಾಹ 12.6 ÷ 0.11, ಅಂದರೆ ಸುಮಾರು 115 ಆಂಪಿಯರಿಗೆ ಇಳಿಯುತ್ತದೆ. ಮೋಟಾರಿಗೆ ಸಿಗುವುದು ಸುಮಾರು 6.9 ವೋಲ್ಟ್. ಸಾಮರ್ಥ್ಯ ಲೆಕ್ಕ ಹಾಕಿ ನೋಡಿ: ಮೊದಲಿನ ಅರ್ಧಕ್ಕೂ ಕಡಿಮೆ.

ಅದೇ 0.04 ಓಮ್ ಹೆಡ್‌ಲೈಟಿನ ದಾರಿಯಲ್ಲಿದ್ದರೆ? ಎರಡು ಬಲ್ಬು ಸೇರಿ 90 ವ್ಯಾಟ್ ಎಂದುಕೊಂಡರೆ ಪ್ರವಾಹ ಸುಮಾರು 7.5 ಆಂಪಿಯರ್. ನಷ್ಟವಾಗುವುದು 0.3 ವೋಲ್ಟ್ ಮಾತ್ರ, ಕಣ್ಣಿಗೆ ತಿಳಿಯುವುದೇ ಇಲ್ಲ. 'ಲೈಟ್ ಚೆನ್ನಾಗಿದೆ, ಆದ್ದರಿಂದ ವೈರಿಂಗ್ ಸರಿಯಿದೆ' ಎಂಬ ತೀರ್ಮಾನ ಎಷ್ಟು ಪೊಳ್ಳು ಎಂಬುದು ಇದರಿಂದ ಗೊತ್ತಾಗುತ್ತದೆ.

ಇನ್ನೊಂದು ಸೂಕ್ಷ್ಮ. ಈ 0.04 ಓಮನ್ನು ನಮ್ಮ ಪ್ರಯೋಗಾಲಯದ ಮಲ್ಟಿಮೀಟರಿನ ಓಮ್ ಸ್ಥಾನದಲ್ಲಿಟ್ಟು ಹಿಡಿಯಲಾಗದು. ಮೀಟರಿನ ತಂತಿಗಳ ರೋಧವೇ ಅದಕ್ಕಿಂತ ಹೆಚ್ಚು. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಒಂದು ತುದಿಯನ್ನು ಬ್ಯಾಟರಿಯ ಅರ್ಥ್ ಕಂಬಕ್ಕೂ ಇನ್ನೊಂದನ್ನು ಇಂಜಿನ್ನಿನ ಶುಭ್ರ ಲೋಹಕ್ಕೂ ಹಿಡಿದು ಸೆಲ್ಫ್ ಹೊಡೆಯಬೇಕು. ಅರ್ಧ ವೋಲ್ಟಿಗಿಂತ ಕಡಿಮೆ ತೋರಿಸಿದರೆ ಜೋಡಣೆ ಸರಿ. ನಮ್ಮ ಲೆಕ್ಕದ ಕಾರಿನಲ್ಲಿ ಅದು ನಾಲ್ಕೂವರೆ ವೋಲ್ಟ್ ದಾಟುತ್ತದೆ. ದೋಷ ಅಡಗಿರುವುದು ವಿಶ್ರಾಂತಿಯಲ್ಲಿ, ಬಯಲಾಗುವುದು ದುಡಿಯುವಾಗ. ಆದ್ದರಿಂದ ದುಡಿಯುವಾಗಲೇ ಅಳೆಯಬೇಕು.

2. ಸೆಲ್ಫ್ ತಿರುಗುತ್ತದೆ, ಇಂಜಿನ್ ಹತ್ತುವುದಿಲ್ಲ

ಪೆಟ್ರೋಲ್ ಇಂಜಿನ್ನಿಗೆ ನಾಲ್ಕು ಬೇಕು: ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ, ಅದನ್ನು ಒತ್ತುವ ಕಂಪ್ರೆಶನ್, ಕಿಡಿ, ಕಿಡಿ ಬರಬೇಕಾದ ಸರಿಯಾದ ಸಮಯ. ಕಂಪ್ಯೂಟರ್ ಇಲ್ಲದ ಕಾರಿನ ದೊಡ್ಡ ಗುಣವೆಂದರೆ ಈ ನಾಲ್ಕನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬಹುದು.

ಮೊದಲು ಕಿಡಿ. ಒಂದು ಪ್ಲಗ್ ಬಿಚ್ಚಿ, ಅದರ ವೈರಿಗೆ ಸಿಕ್ಕಿಸಿ, ಪ್ಲಗ್‌ನ ಲೋಹದ ಮೈ ಇಂಜಿನ್ನಿಗೆ ತಾಗುವಂತೆ ಇಟ್ಟು ಸೆಲ್ಫ್ ಹೊಡೆದರೆ ನೀಲಿ ಕಿಡಿ ಚಟಚಟ ಹಾರಬೇಕು. ಹಳದಿ ಬಣ್ಣದ ದುರ್ಬಲ ಕಿಡಿ ಬಂದರೆ, ಅಥವಾ ಏನೂ ಬರದಿದ್ದರೆ, ಕಾಯಿಲ್ ಮತ್ತು ಪಾಯಿಂಟ್ ಕಡೆ ನೋಡಬೇಕು.

ಇಲ್ಲಿ ನಮ್ಮ ಪ್ರೇರಣೆಯ ಪಾಠ ಬರುತ್ತದೆ. 1831ರಲ್ಲಿ ಫ್ಯಾರಡೆ ಕಂಡದ್ದು ಇದನ್ನೇ: ಕಾಂತೀಯ ಅಭಿವಾಹ ಬದಲಾದರೆ ಸುರುಳಿಯಲ್ಲಿ ವಿದ್ಯುತ್ಚಾಲಕ ಬಲ ಹುಟ್ಟುತ್ತದೆ. ಬೇಗ ಬದಲಾದಷ್ಟೂ ಹೆಚ್ಚು. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ ತೆರೆದಾಗ ಕಾಯಿಲ್‌ನ ಪ್ರಾಥಮಿಕ ಸುರುಳಿಯ ಪ್ರವಾಹ ಥಟ್ಟನೆ ನಿಲ್ಲುತ್ತದೆ. ಸಾವಿರಾರು ಸುತ್ತುಗಳ ದ್ವಿತೀಯಕ ಸುರುಳಿಯಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ವೋಲ್ಟ್ ಏಳುತ್ತದೆ. ಪಾಯಿಂಟಿಗೆ ಸಮಾಂತರವಾಗಿ ಜೋಡಿಸಿದ ಕಂಡೆನ್ಸರ್ ಅಲ್ಲಿ ಕಿಡಿ ಎಳೆಯದಂತೆ ತಡೆದು, ಪ್ರವಾಹ ಬೇಗ ನಿಲ್ಲುವಂತೆ ಮಾಡುತ್ತದೆ. ಕಂಡೆನ್ಸರ್ ಕೆಟ್ಟರೆ ಪಾಯಿಂಟ್ ಸುಡುತ್ತದೆ, ಪ್ಲಗ್ ಕಿಡಿ ಸಣ್ಣದಾಗುತ್ತದೆ. ಸುಟ್ಟ ಪಾಯಿಂಟ್ ಮಾತ್ರ ಬದಲಿಸಿ ಕಂಡೆನ್ಸರ್ ಬಿಟ್ಟರೆ ಹೊಸ ಪಾಯಿಂಟೂ ಸುಡುತ್ತದೆ. ಲಕ್ಷಣಕ್ಕೆ ಮದ್ದು ಹಾಕಿ ಕಾರಣವನ್ನು ಬಿಟ್ಟಂತೆ.

ಪಾಯಿಂಟಿನ ಅಂತರ ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ 0.4 ಮಿ.ಮೀ. ಆಸುಪಾಸು. ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಆ ಪುಟ್ಟ ಪಾಯಿಂಟ್ ಸೆಕೆಂಡಿಗೆ 100 ಬಾರಿ ತೆರೆದು ಮುಚ್ಚುತ್ತದೆ. ಸವೆಯದೆ ಇನ್ನೇನು?

3. ಬಿಸಿಯಾದ ಮೇಲೆ ನಿಲ್ಲುವ ಕಾರು

ಇದು ಹೆಚ್ಚು ಜನರನ್ನು ದಾರಿ ತಪ್ಪಿಸುವ ದೋಷ. ಬೇಸಿಗೆಯ ಮಧ್ಯಾಹ್ನ ಕಾರು ಅರ್ಧ ಗಂಟೆ ಓಡಿ ನಿಲ್ಲುತ್ತದೆ. ತಣ್ಣಗಾದ ಮೇಲೆ ಏನೂ ಆಗದಂತೆ ಹತ್ತುತ್ತದೆ. ಕಾರಣ ಎರಡಿರಬಹುದು. ಪೆಟ್ರೋಲ್ ಪಂಪು ಅಥವಾ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಗುಳ್ಳೆ ಕಟ್ಟಿರಬಹುದು. ಇದು 'ವೇಪರ್ ಲಾಕ್'. ಇಲ್ಲವೇ ಕಾಯಿಲ್‌ನ ಒಳಗಿನ ತಂತಿ ಕಾದು ಹಿಗ್ಗಿದಾಗ ಸಂಪರ್ಕ ತಪ್ಪುತ್ತಿರಬಹುದು. ಹೊರಗಿನಿಂದ ಎರಡೂ ಒಂದೇ ಥರ. ಬೇರ್ಪಡಿಸುವ ದಾರಿ ಒಂದೇ: ಕಾರು ನಿಂತ ಕ್ಷಣದಲ್ಲಿ, ತಣ್ಣಗಾಗುವ ಮೊದಲು, ಕಿಡಿ ನೋಡಬೇಕು. ಕಿಡಿ ಇದ್ದರೆ ಪೆಟ್ರೋಲಿನ ಕಡೆ ಹೋಗಿ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದಾಗ ಹತ್ತಿದರೆ ವೇಪರ್ ಲಾಕ್ ಎಂಬುದಕ್ಕೆ ಸಾಕ್ಷಿ ಸಿಕ್ಕಿತು. ಕಿಡಿ ಇಲ್ಲದಿದ್ದರೆ ಕಾಯಿಲ್ ಕಡೆ ನೋಡಿ. ಮರುದಿನ ಗ್ಯಾರೇಜಿನಲ್ಲಿ ತಣ್ಣಗಿನ ಕಾರನ್ನು ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

4. ಯಾಂತ್ರಿಕ ದೋಷ: ಹೊಗೆ, ಪ್ಲಗ್, ಕಂಪ್ರೆಶನ್

ಇಂಜಿನ್ ಓಡುತ್ತದೆ ಆದರೆ ಕುಂಟುತ್ತದೆ ಎಂದಾದರೆ ಪ್ಲಗ್‌ಗಳನ್ನು ಬಿಚ್ಚಿ ಸಾಲಾಗಿ ಇಡಿ. ಕಂದು ಬಣ್ಣ ಆರೋಗ್ಯದ ಗುರುತು. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಎಣ್ಣೆಯ ಜಿಡ್ಡು ಇದ್ದರೆ ಇಂಜಿನ್ ಆಯಿಲ್ ಒಳಗೆ ಬರುತ್ತಿದೆ, ಆಗ ಸೈಲೆನ್ಸರಿನಲ್ಲಿ ನೀಲಿ ಹೊಗೆಯೂ ಕಾಣುತ್ತದೆ. ಇಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನಪಡಬೇಕು.

ಕಂಪ್ರೆಶನ್ ಮೀಟರಿನಿಂದ ನಾಲ್ಕೂ ಸಿಲಿಂಡರ್ ಅಳೆದು ಹೋಲಿಸಿ. ಒಂದರಲ್ಲಿ ಕಡಿಮೆ ಬಂದರೆ ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಈಗ ಹೆಚ್ಚಾದರೆ ಆಯಿಲ್ ಪಿಸ್ಟನ್ ರಿಂಗಿನ ಸಂದು ಮುಚ್ಚಿದೆ ಎಂದರ್ಥ, ರಿಂಗ್ ಸವೆದಿದೆ. ಬದಲಾಗದಿದ್ದರೆ ವಾಲ್ವ್ ಕಡೆ ನೋಡಿ. ಪಕ್ಕಪಕ್ಕದ ಎರಡರಲ್ಲಿ ಕಡಿಮೆ ಬಂದರೆ ಅವೆರಡರ ನಡುವೆ ಗ್ಯಾಸ್ಕೆಟ್ ಒಡೆದಿರುವ ಸಾಧ್ಯತೆ ಹೆಚ್ಚು. ಇಂಜಿನ್ ಬಿಚ್ಚದೆಯೇ ಒಂದು ಚಮಚ ಎಣ್ಣೆ ಇಷ್ಟು ಹೇಳಿತು!

5. ನೆನಪಿಡಬೇಕಾದ ನಿಯಮಗಳು

• ಮೊದಲು ಕೇಳಿ, ನೋಡಿ, ಮುಟ್ಟಿ. ಆಮೇಲೆ ಅಳೆಯಿರಿ. ಖರೀದಿ ಕೊನೆಗೆ.
• ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರು ಬದಲಿಸಿ ಕಾರು ಸರಿಯಾದರೆ ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲ.
• ಪ್ರತಿ ಪರೀಕ್ಷೆಗೂ ಮೊದಲು 'ನನ್ನ ಊಹೆ ನಿಜವಾದರೆ ಏನು ಕಾಣಬೇಕು?' ಎಂದು ಬರೆದಿಡಿ.
• ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಕಿಡಿ ಪರೀಕ್ಷಿಸುವಾಗ ಹತ್ತಿರ ಪೆಟ್ರೋಲ್ ಸೋರಿಕೆ ಇರಬಾರದು. ವೈರನ್ನು ಬರಿಗೈಯಲ್ಲಿ ಹಿಡಿಯಬಾರದು. ಕೆಲವು ಹಳೆಯ ಕಾರುಗಳಲ್ಲಿ ಬಾಡಿಗೆ ಧನ ತುದಿ ಜೋಡಿಸಿರುತ್ತದೆ, ಮೊದಲೇ ನೋಡಿಕೊಳ್ಳಿ. ಅನುಭವಿಗಳು ಜೊತೆಗಿಲ್ಲದೆ ಮಾಡಬೇಡಿ.

ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ನಿಮ್ಮಲ್ಲಿ ಹೆಚ್ಚಿನವರು ಅದನ್ನು ಓಡಿಸಲಾರಿರಿ. ಆದರೆ ನಾಳೆ ನೀವು ವೈದ್ಯರಾಗಿ ರೋಗಿಯ ಮುಂದೆ, ಇಂಜಿನಿಯರಾಗಿ ನಿಂತ ಯಂತ್ರದ ಮುಂದೆ ನಿಲ್ಲುವಾಗ ಇದೇ ಕೆಲಸ ಇರುತ್ತದೆ. ಎದುರಿಗಿರುವವರ ಜೇಬಿನಲ್ಲಿ ನಮ್ಮ ಅಬ್ಬಾನ ಜೇಬಿನಲ್ಲಿದ್ದಷ್ಟೇ ಹಣವಿರಬಹುದು. ಊಹೆಯ ಬೆಲೆಯನ್ನು ಅವರು ತೆರುತ್ತಾರೆ, ನಾವಲ್ಲ.

ಅಭ್ಯಾಸಕ್ಕೆ:
(1) ಮೇಲಿನ ಲೆಕ್ಕದಲ್ಲಿ ಜೋಡಣೆಯ ರೋಧ 0.02 ಓಮ್ ಆದರೆ ಮೋಟಾರಿಗೆ ಸಿಗುವ ವೋಲ್ಟೇಜ್ ಎಷ್ಟು?
(2) ಅರ್ಥ್ ಪಟ್ಟಿ ಕೆಟ್ಟಿದ್ದರೂ ಕಾರು ತಳ್ಳಿದಾಗ ಹತ್ತಿತು. ಏಕೆ? (ಸುಳಿವು: ಕಾಯಿಲ್ ಎಳೆಯುವ ಪ್ರವಾಹ ಸುಮಾರು 4 ಆಂಪಿಯರ್.)
ಉತ್ತರ ಬರೆದು ಭೌತಶಾಸ್ತ್ರ ಪ್ರಯೋಗಾಲಯಕ್ಕೆ ತನ್ನಿ. ಮಲ್ಟಿಮೀಟರ್ ಹಿಡಿದು ಒಟ್ಟಿಗೆ ಪರೀಕ್ಷಿಸೋಣ.