ಹೊಲ ಕಾಯಲು ಬಿಚ್ಚಿ ಜೋಡಿಸುವ ಬಂದೂಕು: ಯಾವುದನ್ನು ಆರಿಸಬೇಕು?

ಬೀದರ್ ಜಿಲ್ಲೆಯ ಕಪ್ಪು ನೆಲದಲ್ಲಿ ತೊಗರಿ, ಸೋಯಾ, ಹೆಸರು, ಜೋಳ, ಕಬ್ಬು ಬೆಳೆಯುವ ನಮಗೆ ಬಿತ್ತಿದ ದಿನದಿಂದಲೇ ಕಾವಲು ಶುರು. ಕಬ್ಬಿಗೆ ಕಾಡಹಂದಿ, ಎಳೆ ಕಾಳಿನ ಬೆಳೆಗೆ ಚಿಗರಿ. ಭಾಲ್ಕಿ, ಔರಾದ್ ಕಡೆ ರೈತರು ಕೂಡಿದಲ್ಲೆಲ್ಲ ಬಂದೂಕಿನ ಮಾತು ಬಂದೇ ಬರುತ್ತದೆ. ಈಚೆಗೆ ಹುಡುಗರು ಹೊಸದೊಂದು ಕೇಳುತ್ತಿದ್ದಾರೆ. ಔರಾದ್ ಕಡೆಯ ಒಬ್ಬ ಯುವಕ ಮೊಬೈಲಿನಲ್ಲಿ ತೋರಿಸಿ ಅಂದ: “ಕಾಕಾ, ಇದು ಎರಡು ತುಂಡಾಗ್ತದ ನೋಡ್ರಿ. ಚೀಲದಾಗ ಹಾಕ್ಕೊಂಡು ಗಾಡಿ ಮ್ಯಾಲ ಹೊಲಕ್ಕ ಹೋಗಬಹುದು. ಇಂಥಾದು ನಮಗ ಸಿಗ್ತದೇನ್ರಿ?”

ಅವನಿಗೆ ಹೇಳಿದ್ದನ್ನೇ ಇಲ್ಲಿ ವಿವರವಾಗಿ ಬರೆದಿದ್ದೇನೆ.

ಆ ಕಾರ್ಬೈನ್ ಎಂದರೇನು?

ಕಾರ್ಬೈನ್ ಅಂದರೆ ಗಿಡ್ಡ ನಳಿಗೆಯ ರೈಫಲ್. ಅವನು ತೋರಿಸಿದ್ದು ಪಿಸ್ತೂಲಿನ ಗುಂಡನ್ನೇ ಹಾಕುವ ಜಾತಿ. ಅಮೆರಿಕದಲ್ಲಿ 2017ರ ಕೊನೆಗೆ ಬಂದ ರೂಗರ್ ಪಿ.ಸಿ. ಕಾರ್ಬೈನ್ ಇದಕ್ಕೊಂದು ಉದಾಹರಣೆ. 9 ಎಂ.ಎಂ. ಗುಂಡು, 16 ಇಂಚಿನಷ್ಟು ನಳಿಗೆ, ನಡುವೆ ತಿರುವಿದರೆ ಎರಡು ಭಾಗ. ಅಲ್ಲಿಯ ಜನ ಗುಂಡಿನ ದರ, ತೂಕ, ಮ್ಯಾಗಜಿನ್ ನೋಡಿ ಆರಿಸುತ್ತಾರೆ.

ನಮ್ಮಲ್ಲಿ ಆ ಪ್ರಶ್ನೆಯೇ ಬರುವುದಿಲ್ಲ. 9 ಎಂ.ಎಂ. ನಮ್ಮ ದೇಶದಲ್ಲಿ ನಿಷೇಧಿತ ಬೋರು. ಅದು ಪೊಲೀಸರ, ಸೇನೆಯ ಅಳತೆ. 2019ರ ತಿದ್ದುಪಡಿಯ ನಂತರ ನಿಷೇಧಿತ ಆಯುಧ ಇಟ್ಟುಕೊಂಡರೆ 7ರಿಂದ 14 ವರ್ಷ ಜೈಲು. “ಬಿಚ್ಚಿ ತಂದುಕೊಡ್ತೀನಿ, ಯಾರಿಗೂ ಗೊತ್ತಾಗಲ್ಲ” ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಕಾನೂನಿನಲ್ಲಿ ಆಯುಧದ ಬಿಡಿಭಾಗವೂ ಆಯುಧವೇ. ಬಿಚ್ಚಿಟ್ಟ ಮಾತ್ರಕ್ಕೆ ಬಂದೂಕು ಕಟ್ಟಿಗೆಯಾಗುವುದಿಲ್ಲ.

ಕಾನೂನು ಬದಿಗಿಟ್ಟು ನೋಡಿದರೂ ಅದು ನಮ್ಮ ನೆಲಕ್ಕೆ ಆಗದು. ಪಿಸ್ತೂಲಿನ ಒಂಟಿ ಗುಂಡು ಗುರಿ ತಪ್ಪಿದರೆ ಒಂದೂವರೆ ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಔರಾದ್ ಕಡೆಯ ಬಯಲಲ್ಲಿ ಗುಂಡು ತಡೆಯಲು ಗುಡ್ಡವಿಲ್ಲ. ರಾತ್ರಿ ಆಚೆ ಹೊಲದ ಮಂಚಿಗೆಯ ಮೇಲೆ ಇನ್ನೊಬ್ಬ ರೈತ ಕೂತಿರುತ್ತಾನೆ. ಅದೇ 12 ಬೋರಿನ ಸಣ್ಣ ಛರ್ರಾ (ಆರನೇ ನಂಬರು) ಸುಮಾರು 200-250 ಮೀಟರಿನೊಳಗೆ ನೆಲಕ್ಕೆ ಬೀಳುತ್ತದೆ. ಎಲ್.ಜಿ. ಎಂಬ ದಪ್ಪ ಛರ್ರಾ ಮಾತ್ರ 600 ಮೀಟರಿನವರೆಗೂ ಹೋದೀತು. ಬೆದರಿಸುವ ಕೆಲಸಕ್ಕೆ ಎಲ್.ಜಿ. ಬೇಕಿಲ್ಲ.

ಕಾನೂನು ರೈತನಿಗೆ ಏನು ಕೊಡುತ್ತದೆ?

1959ರ ಆಯುಧ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಯನ್ನು ಹೆಸರಿಸಿಯೇ ಹೇಳುತ್ತದೆ. ಮೊದಲು ಸಿಗುವುದು ಬಾಯಿಂದ ಮದ್ದು ತುಂಬುವ ಬಂದೂಕು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ, 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ಗೆರೆಗಳಿಲ್ಲದ ನುಣುಪು ಬೋರಿನ ಬಂದೂಕಿಗೂ ಲೈಸೆನ್ಸ್ ಕೊಡಬಹುದು. ಆದ್ದರಿಂದ ಬೀದರಿನ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕುವಾಗ ಪಹಣಿಯ ಜೊತೆಗೆ, ಮದ್ದಿನ ಬಂದೂಕು ಯಾಕೆ ಸಾಲದು ಎಂಬುದನ್ನೂ ಬರೆದುಕೊಡಿ. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. 2019ರಿಂದ ಲೈಸೆನ್ಸಿನ ಅವಧಿ 3ರ ಬದಲು 5 ವರ್ಷ.

ಮದ್ದಿನ ಬಂದೂಕು ಯಾಕೆ ಸಾಲದು? ಮಳೆಗಾಲದಲ್ಲಿ ಮದ್ದು ತೇವವಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಒಮ್ಮೆ ತುಂಬಿದ್ದನ್ನು ಹಾರಿಸದೆ ಖಾಲಿ ಮಾಡುವುದು ಕಷ್ಟ. ಹಂದಿ ಬರಲಿಲ್ಲ ಎಂದು ತುಂಬಿದ ಬಂದೂಕನ್ನೇ ಮನೆಗೆ ತಂದು ಮೂಲೆಗೆ ಆನಿಸುತ್ತಾರೆ. ಮನೆಯಲ್ಲಿ ಮಕ್ಕಳಿರುತ್ತಾರೆ.

ನಮಗೆ ಬೇಕಾದ ಬಿಚ್ಚುವ ಬಂದೂಕು

ಹುಡುಗರು ಹುಡುಕುವ ಬಿಚ್ಚಿ ಜೋಡಿಸುವ ಅನುಕೂಲ ನಮ್ಮಲ್ಲಿ ಹಿಂದಿನಿಂದಲೂ ಇದೆ. ನಡುವೆ ಮುರಿದು ತೋಟಾ ಹಾಕುವ 12 ಬೋರಿನ ಒಂಟಿ ಇಲ್ಲವೇ ಜೋಡಿ ನಳಿಗೆಯ ಬಂದೂಕು ಅದು. ನಳಿಗೆಯ ಕೆಳಗೆ ಕೈ ಹಿಡಿಯುವ ಕಟ್ಟಿಗೆಯನ್ನು ತೆಗೆದರೆ ನಳಿಗೆ ಬೇರೆ, ಹೆಗಲಿಗೆ ಆನಿಸುವ ಹಿಂಭಾಗ ಬೇರೆ. ಒಟ್ಟು ಮೂರು ತುಂಡು. ನಳಿಗೆ 28-30 ಇಂಚು ಇದ್ದರೆ ಮುಕ್ಕಾಲು ಮೀಟರಿಗಿಂತ ತುಸು ಉದ್ದದ ಚೀಲ ಸಾಕು. ಚುನಾವಣೆ ಬಂದಾಗ ಬಂದೂಕನ್ನು ಠಾಣೆಗೆ ಒಪ್ಪಿಸುವ ಆದೇಶವಾದರೆ ಒಯ್ಯುವುದು ಹಗುರ. ಮನೆಯಲ್ಲೂ ನಳಿಗೆಯನ್ನು ಒಂದು ಕಡೆ, ಹಿಂಭಾಗವನ್ನು ಒಂದು ಕಡೆ, ತೋಟಾಗಳನ್ನು ಮತ್ತೊಂದು ಕಡೆ ಬೀಗದಲ್ಲಿಡಬಹುದು.

ನಾನು ಇದನ್ನೇ ಹೇಳಲು ಮುಖ್ಯ ಕಾರಣ ಬೇರೆ. ಇದನ್ನು ಮುರಿದ ಕೂಡಲೇ ಒಳಗೆ ತೋಟಾ ಇದೆಯೋ ಇಲ್ಲವೋ ಕಾಣುತ್ತದೆ. ಕತ್ತಲಲ್ಲಿ ಬೆರಳಿಟ್ಟರೂ ತಿಳಿಯುತ್ತದೆ. ಮ್ಯಾಗಜಿನ್ ಇರುವ ಆಯುಧದಲ್ಲಿ ಮ್ಯಾಗಜಿನ್ ತೆಗೆದರೂ ಒಳಗೊಂದು ಗುಂಡು ಉಳಿದಿರಬಹುದು. ನಿದ್ದೆಗಣ್ಣಿನ ಕಾವಲುಗಾರನಿಗೆ ಖಾಲಿ ಎಂದು ಕಣ್ಣಿಗೆ ಕಾಣುವ ಬಂದೂಕೇ ಒಳ್ಳೆಯದು. ಒಂಟಿ ನಳಿಗೆಯದು ಹಗುರ, ಸರಳ. ಬೆದರಿಸಲು ಅಷ್ಟು ಸಾಕು.

ಹಳೆಯದನ್ನು ಕೊಳ್ಳುವಾಗ

ಬೀದರ್ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಊರು. ಹಳೆಯ ಮನೆತನಗಳ ಬಂದೂಕು ಮಾರಾಟಕ್ಕೆ ಬರುವುದುಂಟು. ಲೈಸೆನ್ಸ್ ಇರುವವರಿಂದ, ಕಚೇರಿಯ ಅನುಮತಿಯೊಂದಿಗೆ ಮಾತ್ರ ಕೊಳ್ಳಿ. ಕೊಳ್ಳುವ ಮೊದಲು ಹೀಗೆ ನೋಡಿ:

1. ನಳಿಗೆ, ಹಿಂಭಾಗ ಮತ್ತು ಮುಂದಿನ ಕಟ್ಟಿಗೆಯ ಲೋಹದ ಮೇಲೆ ನಂಬರು ಇದ್ದಷ್ಟೂ ಕಡೆ ಒಂದಕ್ಕೊಂದು ಹೊಂದಬೇಕು. ಲೈಸೆನ್ಸ್ ಪುಸ್ತಕದ ನಂಬರಿಗೂ ಕೂಡಬೇಕು. ಒಂದರ ನಳಿಗೆ ಇನ್ನೊಂದಕ್ಕೆ ಕೂತರೂ ಅದು ಸುರಕ್ಷಿತವಲ್ಲ.

2. ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು, ಮುಂದಿನ ಕಟ್ಟಿಗೆ ತೆಗೆದು, ಬಂದೂಕು ಮುಚ್ಚಿ ಅಲ್ಲಾಡಿಸಿ. ಲಟಲಟ ಅಂದರೆ, ಇಲ್ಲವೇ ನಳಿಗೆ ಕೂಡುವಲ್ಲಿ ಬೆಳಕು ಕಂಡರೆ ಕೈಬಿಡಿ. ಬಿಚ್ಚಿ ಜೋಡಿಸುವ ಬಂದೂಕು ಸವೆಯುವುದು ಅಲ್ಲಿಯೇ.

3. ಬಿಚ್ಚಿದ ನಳಿಗೆಯನ್ನು ಆಕಾಶದ ಕಡೆ ಹಿಡಿದು ಒಳಗೆ ನೋಡಿ. ತುಕ್ಕಿನ ಕುಳಿ, ನೆಗ್ಗು ಇರಬಾರದು. ತಂತಿ ಹೆಣೆದಂತೆ ಹೊರಗೆ ಗೆರೆ ಕಾಣುವ ಬಹಳ ಹಳೆಯ ನಳಿಗೆಗೆ ಈಗಿನ ತೋಟಾ ಹಾಕಬಾರದು.

4. ತೋಟಾ ಕೂಡುವ ಜಾಗದ ಉದ್ದ ಕೇಳಿ. ಹಳೆಯವು 65 ಎಂ.ಎಂ., ಹೊಸವು 70. 65ರದಕ್ಕೆ 70ರ ತೋಟಾ ಹಾಕಿದರೆ ಒಳಗಿನ ಒತ್ತಡ ಏರುತ್ತದೆ. ಒಳಗೆ ಹೋಯಿತು ಎಂದಮಾತ್ರಕ್ಕೆ ಅಳತೆ ಸರಿ ಎಂದಲ್ಲ.

5. ಬಂದೂಕು ರಿಪೇರಿ ಬಲ್ಲ, ಲೈಸೆನ್ಸ್ ಇರುವ ಅಂಗಡಿಯವರಿಗೆ ತೋರಿಸದೆ ದುಡ್ಡು ಕೊಡಬೇಡಿ.

ಲೈಸೆನ್ಸ್ ಇದ್ದರೆ ಪ್ರಾಣಿ ಹೊಡೆಯಬಹುದೇ?

ಇಲ್ಲ. ಬಂದೂಕಿನ ಲೈಸೆನ್ಸ್ ಬೇರೆ, ಬೇಟೆಯ ಅನುಮತಿ ಬೇರೆ. ಚಿಗರಿ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯ ಪ್ರಾಣಿ. ಕೊಂದರೆ 3ರಿಂದ 7 ವರ್ಷ ಜೈಲು, ಮೇಲೆ ಕನಿಷ್ಠ 25,000 ರೂಪಾಯಿ ದಂಡ. ನವಿಲೂ ಅದೇ ಪಟ್ಟಿಯಲ್ಲಿದೆ. 2022ರ ತಿದ್ದುಪಡಿಯಂತೆ ಕಾಡಹಂದಿ ಎರಡನೇ ಪಟ್ಟಿಯಲ್ಲಿದೆ. ಬೆಳೆಗೆ ಅಪಾಯವಾದಾಗ 11ನೇ ಕಲಮಿನ ಕೆಳಗೆ ಅರಣ್ಯ ಇಲಾಖೆಯ ಅಧಿಕಾರವುಳ್ಳವರು ಲಿಖಿತ ಅನುಮತಿ ಕೊಡಬಹುದು. ಕಾಗದ ಕೈಗೆ ಬರುವ ತನಕ ಹೊಡೆಯುವಂತಿಲ್ಲ. ಬೆಳೆ ಹಾಳಾದರೆ ಅದೇ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ. ಹಾಳಾದ ಹೊಲದ ಫೋಟೊ ಅಂದೇ ತೆಗೆದಿಡಿ.

ಹಾಗಾಗಿ ನಮ್ಮ ಹೊಲದಲ್ಲಿ ಬಂದೂಕಿನ ಕೆಲಸ ಸದ್ದು ಮಾಡುವುದಷ್ಟೇ. ಹಾರಿಸುವ ಮುನ್ನ ಸುತ್ತಲ ಹೊಲದವರನ್ನು ಕೂಗಿ ಎಚ್ಚರಿಸಿ. ಯಾರೂ ಇಲ್ಲದ ದಿಕ್ಕು ಯಾವುದೆಂದು ಬೆಳಕಿರುವಾಗಲೇ ಗುರುತು ಮಾಡಿಕೊಳ್ಳಿ. ಅಲುಗಾಡಿದ ತೊಗರಿ ಗಿಡದ ಕಡೆ ಎಂದೂ ತಿರುಗಿಸಬೇಡಿ. ಅಲ್ಲಿರುವುದು ಹಂದಿಯೋ ನೀರು ಬಿಡಲು ಬಂದ ಮನುಷ್ಯನೋ ಕತ್ತಲಲ್ಲಿ ತಿಳಿಯದು. ಲೈಸೆನ್ಸಿನಲ್ಲಿ ಹೆಸರಿಲ್ಲದ ಆಳಿನ ಕೈಗೆ ಕೊಡಬೇಡಿ. ಔರಾದ್, ಭಾಲ್ಕಿಯ ಗಡಿ ಹಳ್ಳಿಯವರು ಮಹಾರಾಷ್ಟ್ರದೊಳಗೆ ಒಯ್ಯುವ ಮೊದಲು ಲೈಸೆನ್ಸಿನಲ್ಲಿ ಬರೆದ ವ್ಯಾಪ್ತಿ ಓದಿ. ನಿಮ್ಮ ಹೊಲದ ಬದು ಗಡಿಗೇ ತಾಗಿದ್ದರೂ ಲೈಸೆನ್ಸು ಅಲ್ಲಿಗೇ ನಿಲ್ಲಬಹುದು.

ಬೇಲಿ, ಸೋಲಾರ್ ತಂತಿ, ನಾಲ್ಕು ಮಂದಿ ಕೂಡಿ ಸರದಿ ಕಾವಲು, ಇವು ಮೊದಲು. ಇಷ್ಟಾದ ಮೇಲೂ ಬಂದೂಕು ಬೇಕೇ ಬೇಕೆನಿಸಿದರೆ, ಮೂರು ತುಂಡಾಗುವ, ಮುರಿದರೆ ಖಾಲಿ ಕಾಣುವ, ನಂಬರು ಹೊಂದುವ 12 ಬೋರು ಆರಿಸಿ.