ಕಾರಣ ಕೇಳುವುದು ನಿಮ್ಮ ಹಕ್ಕು

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಸ್ತನದಲ್ಲಿ ಗಂಟು ಕಂಡರೂ ನಾಚಿಕೊಂಡು ತಡವಾಗಿ ಬರುವ ಹೆಂಗಸರೇ ಹೆಚ್ಚು. ಅವರಿಗಾಗಿ ಚಿತ್ರಸಮೇತ ಮಾಹಿತಿಯನ್ನು ಒಂದು ಜಾಲತಾಣದಲ್ಲಿ ಹಾಕಿದ್ದೆ. ‘ನಗ್ನತೆ’ ಎಂದು ತೆಗೆದುಬಿಟ್ಟಿದ್ದಾರೆ. ಓರಗಿತ್ತಿ ಎಲ್ಲರೆದುರು, ‘ಅಂಥದ್ದೇನು ಹಾಕಿದ್ದೆ?’ ಎಂದಳು. ನಾನು ತಪ್ಪು ಮಾಡಿದೆನೇ? ನಾವು ಹಾಕಿದ್ದನ್ನು ತೆಗೆಯಲು ಇವರ್ಯಾರು ಮೇಡಂ?

ಉತ್ತರ: ಇಲ್ಲಮ್ಮ, ನೀವು ಮಾಡಿದ್ದು ನಿಮ್ಮ ಕೆಲಸವನ್ನೇ. ಓರಗಿತ್ತಿಯ ಜತೆ ವಾದ ಬೇಡ. ಆ ಚಿತ್ರಗಳನ್ನೇ ತೋರಿಸಿ, ಏನನ್ನು ಗಮನಿಸಬೇಕೆಂದು ಅವರಿಗೂ ಹೇಳಿಕೊಡಿ.

2020ರ ಅಕ್ಟೋಬರ್‌ನಲ್ಲಿ ಬ್ರೆಜಿಲ್‌ನ ಒಬ್ಬರಿಗೂ ಹೀಗೇ ಆಗಿತ್ತು. ಸ್ತನ ಕ್ಯಾನ್ಸರ್ ಲಕ್ಷಣಗಳ ಚಿತ್ರಗಳನ್ನು ಇನ್‌ಸ್ಟಾಗ್ರಾಂನ ಯಂತ್ರವೇ ತೆಗೆದುಹಾಕಿತು. ಇಂಥ ಜಾಗೃತಿಗೆ ಕಂಪನಿಯ ನಿಯಮದಲ್ಲೇ ವಿನಾಯಿತಿ ಇತ್ತು! ಚಿತ್ರದ ಮೇಲೆ ಪೋರ್ಚುಗೀಸ್‌ನಲ್ಲಿದ್ದ ‘ಸ್ತನ ಕ್ಯಾನ್ಸರ್’ ಎಂಬ ಪದವನ್ನು ಯಂತ್ರ ಗುರುತಿಸಲಿಲ್ಲ. ಕೋಟ್ಯಂತರ ಜನರ ಆ ಭಾಷೆಗೇ ಹೀಗಾದರೆ ನಮ್ಮ ಕನ್ನಡದ ಗತಿ ಏನಾದೀತೆಂಬ ಚಿಂತೆ ನನ್ನದು. ಕಂಪನಿಯ ಇಂಥ ನಿರ್ಧಾರಗಳನ್ನು ಪರಿಶೀಲಿಸುವ ಮೇಲ್ವಿಚಾರಣಾ ಮಂಡಳಿಗೆ ಪ್ರಕರಣ ಹೋದ ಮೇಲೆ ಕಂಪನಿ ತಪ್ಪೊಪ್ಪಿಕೊಂಡು ಚಿತ್ರಗಳನ್ನು ಮರಳಿ ಹಾಕಿತು. 2021ರ ಜನವರಿಯಲ್ಲಿ ತೀರ್ಪಿತ್ತ ಮಂಡಳಿ, ಯಂತ್ರದ ನಿರ್ಧಾರವನ್ನು ಮನುಷ್ಯರೊಬ್ಬರು ಮರುಪರಿಶೀಲಿಸುವಂತಿರಬೇಕು ಎಂದಿತು.

ಆದರೆ ‘ಇವರ್ಯಾರು’ ಎಂಬ ನಿಮ್ಮ ಮಾತನ್ನು ಪೂರ್ತಿ ಒಪ್ಪಲಾರೆ. ಸಂಬಂಧ ಮುರಿದ ಸಿಟ್ಟಿಗೆ ಹುಡುಗ ಖಾಸಗಿ ಫೋಟೊ ಹರಿಯಬಿಟ್ಟನೆಂದು ಅಳುತ್ತ ಬರುವ ಹೆಣ್ಣುಮಕ್ಕಳಿದ್ದಾರೆ. ತೆಗೆಯುವ ಅಧಿಕಾರವೇ ಅವರಿಗೆ ಆಸರೆ, ಅಲ್ಲಿ ಒಂದೊಂದು ಗಂಟೆಯೂ ಮುಖ್ಯ. ಅಧಿಕಾರ ಇರಲಿ. ಕಾರಣ ಹೇಳದೆ, ನಮ್ಮ ಮಾತು ಕೇಳದೆ ತೆಗೆಯುವ ಸ್ವಾತಂತ್ರ್ಯ ಮಾತ್ರ ಯಾರಿಗೂ ಬೇಡ.

ನಮ್ಮ ಕಾನೂನಿನ ಆಶಯವೂ ಅದೇ. 2021ರ ಐಟಿ ನಿಯಮಗಳ ಪ್ರಕಾರ 50 ಲಕ್ಷಕ್ಕೂ ಹೆಚ್ಚು ನೋಂದಾಯಿತ ಬಳಕೆದಾರರಿರುವ ಜಾಲತಾಣ ನಿಮ್ಮ ಚಿತ್ರಗಳಂಥದ್ದನ್ನು ತಾನಾಗಿ ತೆಗೆಯುವುದಾದರೆ ಮೊದಲೇ ಕಾರಣಸಹಿತ ತಿಳಿಸಬೇಕು, ಆಕ್ಷೇಪಿಸಲು ಅವಕಾಶ ಕೊಡಬೇಕು. ಮೊದಲು ಆ್ಯಪ್‌ನಲ್ಲೇ ಮರುಪರಿಶೀಲನೆ ಕೇಳಿ. ‘ವೈದ್ಯಕೀಯ ಜಾಗೃತಿ’ ಎಂದು ಸ್ಪಷ್ಟವಾಗಿ ಬರೆಯಿರಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆಗದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಅವರ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು.

ಅಷ್ಟರಲ್ಲಿ ಅದೇ ಚಿತ್ರಗಳನ್ನು ಪ್ರಿಂಟ್ ಹಾಕಿಸಿ, ವೈದ್ಯಾಧಿಕಾರಿಗಳನ್ನು ಕೇಳಿ, ಹೆಂಗಸರು ಕಾಯುವ ಕಡೆ ಅಂಟಿಸಿ. ಗಂಟು ಇರುವವರು ನಿಮ್ಮ ಮೇಲ್ಮನವಿ ಇತ್ಯರ್ಥವಾಗುವವರೆಗೆ ಕಾಯಲಾರರು.