ಓವರ್‌ಡ್ರಾಫ್ಟೂ ಅದರ ತೀರುವಳಿಯೂ

ಅರ್ಥಶಾಸ್ತ್ರದ ತರಗತಿಯಲ್ಲಿ ಓವರ್‌ಡ್ರಾಫ್ಟು ಎಂಬುದು ನಮಗೆ ಎರಡು ಸಾಲಿನ ಟಿಪ್ಪಣಿ. ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಹಣವನ್ನು, ಗೊತ್ತುಪಡಿಸಿದ ಮಿತಿಯವರೆಗೆ, ತೆಗೆದುಕೊಳ್ಳಲು ಬ್ಯಾಂಕು ಕೊಡುವ ಅನುಮತಿ. ಬಡ್ಡಿಯೇನಿದ್ದರೂ ಬಳಸಿದ ಹಣಕ್ಕೆ, ಬಳಸಿದ ದಿನಗಳಿಗೆ ಮಾತ್ರ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ಎರಡು ಸಾಲು ನಮ್ಮ ಮನೆಯಲ್ಲಿ ಹನ್ನೊಂದು ವರ್ಷ ನಡೆದುವು. ಆದ್ದರಿಂದ ಇದರ ವಿಚಾರವಾಗಿ ನಾನು ಕಲಿತದ್ದನ್ನು ಸಹಪಾಠಿಗಳ ಮುಂದಿಡಬೇಕೆನಿಸಿತು.

ಮೊದಲು ಇದರ ಹುಟ್ಟನ್ನು ನೋಡೋಣ. 1728ರಲ್ಲಿ ಎಡಿನ್‌ಬರೋ ನಗರದ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್, ವಿಲಿಯಂ ಹಾಗ್ ಎಂಬ ವರ್ತಕನಿಗೆ ಅವನ ಖಾತೆಯಲ್ಲಿದ್ದುದಕ್ಕಿಂತ 1,000 ಪೌಂಡು ಹೆಚ್ಚಾಗಿ ತೆಗೆಯಲು ಒಪ್ಪಿತು. ಓವರ್‌ಡ್ರಾಫ್ಟಿನ ಮೊದಲ ಉದಾಹರಣೆಯೆಂದು ಇದನ್ನೇ ಹೇಳುತ್ತಾರೆ. ಗಮನಿಸಬೇಕಾದದ್ದು ಅವನು ವರ್ತಕನೆಂಬುದು. ವರ್ತಕನು ಸಾಲದ ಹಣದಿಂದ ಸರಕು ಕೊಳ್ಳುತ್ತಾನೆ, ಸರಕು ಮಾರಿಹೋಗುತ್ತದೆ, ಹಣ ಖಾತೆಗೆ ಹಿಂದಿರುಗುತ್ತದೆ. ನಮ್ಮ ಸಂಸ್ಥಾನದಲ್ಲಿ 1913ರಲ್ಲಿ ವಿಶ್ವೇಶ್ವರಯ್ಯನವರ ಕಾಲಕ್ಕೆ ಮೈಸೂರು ಬ್ಯಾಂಕು ಹುಟ್ಟಿದಾಗಲೂ ಕಣ್ಣ ಮುಂದಿದ್ದುದು ವ್ಯಾಪಾರ ಮತ್ತು ಕೈಗಾರಿಕೆಯೇ. (ಆ ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಯಿತು, ನಮ್ಮೂರ ಹಿರಿಯರ ಬಾಯಲ್ಲಿ ಮಾತ್ರ ಇನ್ನೂ ಲೀನವಾಗಿಲ್ಲ.) 2014ರ ಜನಧನ ಯೋಜನೆಯಲ್ಲಿ ಬಡವರ ಖಾತೆಗೂ 5,000 ರೂಪಾಯಿಯ ಓವರ್‌ಡ್ರಾಫ್ಟು ಬಂದಿತು, 2018ರಲ್ಲಿ ಅದನ್ನು 10,000ಕ್ಕೆ ಏರಿಸಿದರು. ಹೀಗೆ ವರ್ತಕನ ಉಪಕರಣವು ಕೂಲಿಯವನ ಕೈಗೂ ಸೇರಿತು. ಸರಕು ಮಾರಿಹೋಗುತ್ತದೆ, ಆಸ್ಪತ್ರೆಯ ಬಿಲ್ಲು ಮಾರಿಹೋಗುವುದಿಲ್ಲ, ತೊಡಕೆಲ್ಲ ಇಲ್ಲಿಯೇ.

ಅಗ್ರಹಾರದ ಬೀದಿಯೊಂದರಲ್ಲಿ ನನ್ನ ತಂದೆಯವರಿಗೆ ದರ್ಜಿ ಅಂಗಡಿಯಿದೆ. ಎರಡು ಹೊಲಿಗೆ ಯಂತ್ರ. ಶಾಲೆ ತೆರೆಯುವ ಕಾಲಕ್ಕೆ ಸಮವಸ್ತ್ರದ ಬಟ್ಟೆ ತರಿಸಲು ಬ್ಯಾಂಕೊಂದರಲ್ಲಿ 60,000 ರೂಪಾಯಿಯ ಮಿತಿ ಪಡೆದಿದ್ದರು. ಎರಡು ವರ್ಷ ಅದು ಬಟ್ಟೆಗೇ ಹೋಗಿ ಬಂದಿತು. ಬಳಿಕ ತಾಯಿಯವರಿಗೆ ಶಸ್ತ್ರಚಿಕಿತ್ಸೆಯಾಯಿತು. ಹಣ ಹೋಯಿತು, ಬರಲಿಲ್ಲ. ಅಲ್ಲಿಂದೀಚೆಗೆ ತಂದೆಯವರು ಪ್ರತಿ ತಿಂಗಳೂ ಬಡ್ಡಿಯನ್ನು ತಪ್ಪದೆ ಕಟ್ಟುತ್ತಿದ್ದರು. "ಬ್ಯಾಂಕಿನವರು ಒಂದು ದಿನ ನಮ್ಮ ಬಾಗಿಲಿಗೆ ಬಂದಿಲ್ಲ" ಎಂಬುದು ಅವರ ಹೆಮ್ಮೆ.

ಬ್ಯಾಂಕಿನವರು ಏಕೆ ಬರಲಿಲ್ಲ? ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಇಂಥ ಖಾತೆ ಕೆಟ್ಟಿತೆನ್ನುವುದು ಬಾಕಿಯು 90 ದಿನ ಎಡೆಬಿಡದೆ ಮಿತಿಯನ್ನು ಮೀರಿ ನಿಂತಾಗ, ಇಲ್ಲವೆ 90 ದಿನ ಜಮೆಯೇ ಇಲ್ಲದಿದ್ದಾಗ, ಅಥವಾ ಜಮೆಯು ಬಡ್ಡಿಗೂ ಸಾಲದಿದ್ದಾಗ. ಅಸಲು ಇಳಿಯಿತೇ ಎಂದು ಆ ಪರೀಕ್ಷೆ ಕೇಳುವುದಿಲ್ಲ. ಕಂತಿನ ಸಾಲಕ್ಕೆ ಕೊನೆಯ ದಿನವೊಂದುಂಟು. ಓವರ್‌ಡ್ರಾಫ್ಟಿಗೆ ವರ್ಷಕ್ಕೊಮ್ಮೆ ನವೀಕರಣ, ಅಷ್ಟೆ. ಮರ್ಯಾದಸ್ಥನಾದ ಸಾಲಗಾರನು ಜೀವಮಾನವೆಲ್ಲ ಮರ್ಯಾದೆಯಿಂದಲೇ ಸಾಲಗಾರನಾಗಿ ಉಳಿಯಬಹುದು.

ಲೆಕ್ಕ ನೋಡಿ. ಸೌಕರ್ಯಕ್ಕಾಗಿ ಬಡ್ಡಿಯನ್ನು ತಿಂಗಳಿಗೆ ನೂರಕ್ಕೆ ಒಂದರಂತೆ ಹಿಡಿಯುತ್ತೇನೆ. 60,000 ರೂಪಾಯಿ ಸಾಲಕ್ಕೆ ತಿಂಗಳಿಗೆ 600 ಕಟ್ಟಿದರೆ ಸಾಲ ಎಂದೆಂದಿಗೂ ತೀರದು. 700 ಕಟ್ಟಿದರೆ ತೀರಲು 16 ವರ್ಷ 4 ತಿಂಗಳು ಬೇಕು, ಬಡ್ಡಿಯೇ ಸುಮಾರು 77,000 ಆಗುತ್ತದೆ. 1,500 ಕಟ್ಟಿದರೆ 4 ವರ್ಷ 4 ತಿಂಗಳಿಗೆ ಮುಗಿಯುತ್ತದೆ, ಬಡ್ಡಿ ಸುಮಾರು 17,000. ಬಡ್ಡಿಯ ಗೆರೆಯನ್ನು ದಾಟಿದ ಮೇಲಿನ ಒಂದೊಂದು ನೂರಕ್ಕೂ ಎಷ್ಟು ಬೆಲೆಯೆಂಬುದನ್ನು ನಾನು ಅರಿತದ್ದು ಪುಸ್ತಕದಿಂದಲ್ಲ, ತಂದೆಯವರ ಪಾಸ್‌ಬುಕ್ಕಿನಿಂದ.

ದಿನದ ಸಂಪಾದನೆಯನ್ನು ಅಂದಂದೇ ಖಾತೆಗೆ ಹಾಕಿದರೆ ಬಡ್ಡಿ ಇಳಿಯುತ್ತದೆಂದು ಹೇಳುವವರುಂಟು. ನಿಜವೇ, ಬಡ್ಡಿಯನ್ನು ದಿನದ ಬಾಕಿಯ ಮೇಲೆ ಕಟ್ಟುತ್ತಾರೆ. ಆದರೆ ಸಾವಿರ ರೂಪಾಯಿ ಒಂದು ದಿನ ಕುಳಿತರೆ ಉಳಿಯುವುದು 33 ಪೈಸೆ. ಹಾಕಿದ್ದನ್ನು ಮರುದಿನ ತೆಗೆಯುವ ಬಾಗಿಲೂ ತೆರೆದೇ ಇರುತ್ತದೆ. ಈ ಉಪಾಯದಿಂದ ಸಾಲ ತೀರಿಸಿದವರನ್ನು ನಾನು ಕಾಣೆ.

ಪಾಸ್‌ಬುಕ್ಕಿನ ಒಂದು ವರ್ಷದ ಪುಟಗಳಲ್ಲಿ ಬಾಕಿಯು ಅತ್ಯಂತ ಕೆಳಕ್ಕಿಳಿದ ದಿನವನ್ನು ಹುಡುಕಿದೆ. ಜೂನ್ ತಿಂಗಳ ಕೊನೆ, 42,000. ಅದರ ಕೆಳಕ್ಕೆ ಎಂದೂ ಇಳಿದಿರಲಿಲ್ಲ. ಹಾಗಾದರೆ 18,000 ಮಾತ್ರ ಏರಿಳಿಯುವ ನಿಜವಾದ ಓವರ್‌ಡ್ರಾಫ್ಟು. 42,000 ತಳದಲ್ಲಿ ಹೂತ ಹೂಳು. ಹೂಳಿಗೆ ವರ್ಷಕ್ಕೆ 5,040ರಂತೆ ಹನ್ನೊಂದು ವರ್ಷಕ್ಕೆ 55,440 ರೂಪಾಯಿ ಬಡ್ಡಿ ಹೋಗಿತ್ತು. ಹೂಳನ್ನು ಬೇರ್ಪಡಿಸಿ 36 ತಿಂಗಳ ಕಂತಿನ ಸಾಲವಾಗಿ ಬರೆಸಿ, ಮಿತಿಯನ್ನು 18,000ಕ್ಕೆ ಇಳಿಸಬೇಕೆಂದು ತಂದೆಯವರಿಗೆ ಹೇಳಿದೆ.

"ಅರವತ್ತು ಸಾವಿರಕ್ಕೆ ನನ್ನ ನಂಬಿದ್ದಾರೆ ಕಣೋ. ಅದನ್ನ ಹದಿನೆಂಟಕ್ಕೆ ಇಳಿಸಿ ಅಂತ ನಾನೇ ಹೋಗಿ ಕೇಳ್ಲಾ?" ಎಂದರು. ಎರಡು ತಿಂಗಳು ಆ ಮಾತು ಅಲ್ಲಿಗೇ ನಿಂತಿತು. 55,440 ಎಂದು ಬರೆದ ಚೀಟಿಯನ್ನು ನಾನು ಅಳತೆ ಪುಸ್ತಕದಲ್ಲಿಟ್ಟಿದ್ದೆ. ಒಂದು ದಿನ ತಾವಾಗಿಯೇ ಅರ್ಜಿ ಬರೆಯೆಂದರು. ಬ್ಯಾಂಕಿನ ಅಧಿಕಾರಿಗಳು, "ಖಾತೆ ಸರಿಯಾಗಿಯೇ ಇದೆಯಲ್ಲ, ಏಕೆ?" ಎಂದು ಆಶ್ಚರ್ಯಪಟ್ಟರಾದರೂ ಒಪ್ಪಿದರು.

ಕಂತು 1,395 ರೂಪಾಯಿ. ಇದರಲ್ಲಿ 420 ಹೇಗೂ ಬಡ್ಡಿಯಾಗಿ ಹೋಗುತ್ತಿದ್ದುದೇ. ಹೊಸದಾಗಿ ಹುಟ್ಟಬೇಕಾದದ್ದು 975. ತಾಯಿಯವರು ತಿಂಗಳಿಗೆ 500ರ ಚೀಟಿಯನ್ನು ಮುಗಿದ ಮೇಲೆ ಮತ್ತೆ ಹಾಕಲಿಲ್ಲ. ಉಳಿದದ್ದು ನಾನು ಇಬ್ಬರು ಮಕ್ಕಳಿಗೆ ಮನೆಪಾಠ ಹೇಳಿ ತರುವುದು. "ಚೀಟಿ ಬಿಟ್ಟರೆ ಕಷ್ಟಕಾಲಕ್ಕೆ ಯಾರಪ್ಪ?" ಎಂದು ತಾಯಿಯವರು ಕೇಳಿದ್ದು ಸುಮ್ಮನಲ್ಲ. ಮಿತಿಯನ್ನು ಪೂರ್ತಿ ರದ್ದುಮಾಡಿಸದೆ 18,000 ಉಳಿಸಿಕೊಂಡದ್ದು ಆ ಮಾತಿಗಾಗಿ. ಅಲ್ಪ ಆದಾಯದವರು ಕೈಯಲ್ಲಿರುವುದನ್ನೆಲ್ಲ ಸಾಲಕ್ಕೆ ಸುರಿದು ಬರಿಗೈಯಾದರೆ ಮುಂದಿನ ಜ್ವರಕ್ಕೆ ಮತ್ತೆ ಸಾಲವೇ, ಬಹುಶಃ ಹೆಚ್ಚಿನ ಬಡ್ಡಿಗೆ.

ಮೊದಲ ವರ್ಷದ ಆಷಾಢದಲ್ಲಿ ಒಂದು ಕಂತು ತಪ್ಪಿತು. ಬೆಟ್ಟಕ್ಕೆ ಹೋಗುವ ಜನ ಸಾವಿರಾರು. ಮದುವೆಗಳಿಲ್ಲದ ತಿಂಗಳಲ್ಲಿ ರವಿಕೆ ಹೊಲಿಸುವವರು ಮಾತ್ರ ಇಲ್ಲ. ಶ್ರಾವಣದಲ್ಲಿ ಎರಡು ಕಂತು ಸೇರಿಸಿ ಕಟ್ಟಿದೆವು. ಇಂಥ ಸಂದರ್ಭಕ್ಕೆ ತಿಳಿದಿರಬೇಕಾದದ್ದೊಂದುಂಟು: ಸುಸ್ತಿಯ ದಂಡವನ್ನು ಬಡ್ಡಿಯ ದರಕ್ಕೆ ಸೇರಿಸಕೂಡದು, ದಂಡದ ಮೇಲೆ ಬಡ್ಡಿ ಹಾಕಕೂಡದು ಎಂದು ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ ಆಜ್ಞೆ ಮಾಡಿದೆ.

ಈವರೆಗೆ ಹದಿನಾಲ್ಕು ಕಂತುಗಳಾಗಿವೆ. ಹೂಳು 27,500ರಷ್ಟಕ್ಕೆ ಇಳಿದಿದೆ. ಕಳೆದ ಜೂನಿನಲ್ಲಿ ಸಮವಸ್ತ್ರದ ಹಣವೆಲ್ಲ ಬಂದಾಗ ಓವರ್‌ಡ್ರಾಫ್ಟು ಖಾತೆಯ ಬಾಕಿ ಸೊನ್ನೆಯಾಗಿ ನಾಲ್ಕು ದಿನ ಹಾಗೆಯೇ ಇದ್ದಿತು. ಆ ನಾಲ್ಕು ದಿನವೂ ತಂದೆಯವರು ಪಾಸ್‌ಬುಕ್ಕನ್ನು ಹೊಲಿಗೆ ಯಂತ್ರದ ಮೇಲೆ ತೆರೆದಿಟ್ಟಿದ್ದರು. ಐದನೆಯ ದಿನ ದಾರ ಮತ್ತು ಗುಂಡಿಯ ಸಗಟು ಅಂಗಡಿಗೆ 3,200 ಕೊಡಬೇಕಾಗಿ ಬಂದಿತು.